ಕಣ್ಣಿನ ಹನಿಗೆ ಟೆಂಡರ್

ನನ್ನ ಬಲಗಣ್ಣಿಗೆ ಬಿಡುವ ಔಷಧಿಯ ಸೀಸೆ ನನ್ನ ಕಿರುಬೆರಳಿನಷ್ಟೂ ಇಲ್ಲ. ಅದರೊಳಗಿನ ನೀರನ್ನು ಸುರಿದರೆ ಒಂದು ಚಮಚ ತುಂಬುವುದಿಲ್ಲ. ಆ ನೀರಿನ ಬೆಲೆಯನ್ನು ಮೊದಲ ಸಲ ಕೇಳಿದ ದಿನ, ಕಣ್ಣು ಹೇಗಾದರೂ ಇರಲಿ, ಕಿವಿ ಗಟ್ಟಿಯಾಗಿದೆ ಎಂದು ನನಗೆ ಖಾತ್ರಿಯಾಯಿತು.

ನಾನು ಶಿರಸಿಯ ಒಂದು ವಖಾರಿಯಲ್ಲಿ ಅಡಿಕೆ ಆರಿಸುವವಳು. ವ್ಯಾಪಾರಿಗಳು ಕೊಂಡು ತಂದ, ಬಿಸಿಲಿಗೆ ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನು ನೆಲದ ಮೇಲೆ ಸುರಿಯುತ್ತಾರೆ. ನಾವು ಹೆಂಗಸರು ಅದರ ಸುತ್ತ ಕೂತು ಬಿಳಿಯದನ್ನು ಒಂದು ಕಡೆ, ಕೆಂಪು ಬಂದದ್ದನ್ನು ಒಂದು ಕಡೆ, ಕಪ್ಪಗೆ ಮುರುಟಿ ಕೆಟ್ಟದ್ದನ್ನು ಇನ್ನೊಂದು ಕಡೆ ಹಾಕಬೇಕು. ಕೆಟ್ಟದ್ದಕ್ಕೆ ಕೋಕ ಎನ್ನುತ್ತಾರೆ. ಬಿಳಿ ರಾಶಿಯಲ್ಲಿ ಕೋಕ ಸಿಕ್ಕರೆ ಆರಿಸಿದವಳ ಮಾನ ಹೋಯಿತು. ನಾನು ಓದಿದ್ದು ಮೂರನೇ ಇಯತ್ತೆ. ಅಂಕಿ ತಿಳಿಯುತ್ತದೆ. ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಅಡಿಕೆಯನ್ನು ಮಾತ್ರ ಮಾಸ್ತರರು ಪುಸ್ತಕ ಓದಿದ ಹಾಗೆ ಓದುತ್ತೇನೆ. ನಲವತ್ತು ವರ್ಷ ನನ್ನ ರಾಶಿಯನ್ನು ಯಾರೂ ಎರಡನೇ ಸಲ ಕೆದಕಿ ನೋಡಿರಲಿಲ್ಲ.

ಕನ್ನಡಕ ಮಾಡಿಸಿಕೊಳ್ಳೋಣ ಎಂದು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಒಂದು ಯಂತ್ರದ ಮುಂದೆ ಗದ್ದ ಊರಿಸಿ ಕೂರಿಸಿದರು, ಕಣ್ಣಿಗೆ ಗಾಳಿ ಊದಿಸಿದರು. ಕಣ್ಣಿನ ಒಳಗೆ ಒತ್ತಡ ಹೆಚ್ಚಿದೆ, ಅಂಚಿನಿಂದ ಶುರುವಾಗಿ ದೃಷ್ಟಿ ಸದ್ದಿಲ್ಲದೆ ಹೋಗುತ್ತ ಬರುತ್ತದೆ ಎಂದರು.

"ದಿನಾ ಸಂಜೆ ಒಂದು ಹನಿ. ತಪ್ಪಿಸಿದ್ರೆ ಕಣ್ಣು ಹೋಗ್ತದೆ. ಹೋದದ್ದು ತಿರುಗಿ ಬರೋದಿಲ್ಲ."

"ಎಷ್ಟು ದಿನ ಬಿಡ್ಬೇಕು?"

"ಇರೋವಷ್ಟು ದಿನ."

"ಕಣ್ಣು ಇರೋವಷ್ಟು ದಿನವೋ, ನಾನು ಇರೋವಷ್ಟು ದಿನವೋ?"

ಡಾಕ್ಟರು ನಗಲಿಲ್ಲ. ಮುಖವನ್ನೂ ಎತ್ತಲಿಲ್ಲ. ಚೀಟಿ ಬರೆದು, ಮುಂದಿನವರನ್ನು ಕರೆದರು. ಹೊರಗೆ ಬೆಂಚಿನ ತುಂಬ ಜನ ಕೂತಿದ್ದರು. ಅಷ್ಟು ಜನರ ಕಣ್ಣು ನೋಡುವವರಿಗೆ ಒಬ್ಬೊಬ್ಬರ ಮುಖವನ್ನೂ ನೋಡು ಎಂದರೆ ಹೇಗೆ?

ಮೊದಲ ಸೀಸೆಯನ್ನು ಬಾಯಿ ಮುಚ್ಚಿಕೊಂಡು ಕೊಂಡೆ. ಎರಡನೆಯದಕ್ಕೆ ಬಾಯಿ ತೆರೆದೆ. ಆ ಅಂಗಡಿಯ ಬಾಗಿಲಲ್ಲಿ ನನ್ನಂಥವಳೂ ಓದಬಹುದಾದಷ್ಟು ದಪ್ಪಗೆ "ಭಾರಿ ರಿಯಾಯಿತಿ" ಎಂದು ಬರೆದಿತ್ತು. ಪಕ್ಕದಲ್ಲಿ ಒಂದು ನಕ್ಷತ್ರ. ನಕ್ಷತ್ರ ಚಂದಕ್ಕೆ ಎಂದುಕೊಂಡಿದ್ದೆ.

"ಅಜ್ಜಿ, ಆ ರಿಯಾಯಿತಿ ಈ ಔಷಧಿಗೆ ಇಲ್ಲ," ಎಂದ ಅಂಗಡಿಯವ.

"ಮತ್ತೆ ಎಂತಕ್ಕೆ ಉಂಟು?"

"ಬೇರೆದಕ್ಕೆ."

"ಆ ಬೇರೆ ರೋಗ ಬರ್ಬೇಕಾದ್ರೆ ಎಂತ ಮಾಡ್ಬೇಕು ಮಾರಾಯ?"

ಅವನು ನಕ್ಕು ಒಂದು ಕಾರ್ಡು ಕೊಟ್ಟ. ಸಲಕ್ಕೊಂದು ಮೊಹರು ಒತ್ತುತ್ತಾರಂತೆ. ಹತ್ತು ಮೊಹರಾದರೆ ಒಂದು ಬಹುಮಾನವಂತೆ. ಬಹುಮಾನ ಏನು ಎಂದರೆ ಹಲ್ಲುಜ್ಜುವ ಬ್ರಶ್ಶು. ನನ್ನ ಬಾಯಲ್ಲಿ ಉಳಿದಿರುವುದು ನಾಲ್ಕು ಹಲ್ಲು. ಹತ್ತು ತಿಂಗಳು ಕಳೆಯುವಷ್ಟರಲ್ಲಿ ಅವುಗಳಲ್ಲಿ ಎಷ್ಟು ಕಾಯುತ್ತವೋ ಎಂದು ಸೀಸೆಯನ್ನಷ್ಟೇ ಕೊಂಡು, ಕಾರ್ಡನ್ನು ಅಲ್ಲೇ ಬಿಟ್ಟು ಬಂದೆ.

ವಖಾರಿಯಲ್ಲಿ ನನ್ನ ಬಲಕ್ಕೆ ಕೂರುವವಳು ಬನವಾಸಿ ಕಡೆಯವಳು. ಐವತ್ತು ದಾಟಿದ್ದಾಳೆ. ನಾನು ಅವಳನ್ನು ಹುಡುಗಿ ಎಂದೇ ಕರೆಯುತ್ತೇನೆ, ಅವಳು ನನ್ನನ್ನು ಯವ್ವಾ ಎನ್ನುತ್ತಾಳೆ. ಅವಳ ಕೈಗೆ ಎರಡು ಡಜನ್ ಗಾಜಿನ ಬಳೆ, ಸೊಂಟದಲ್ಲಿ ಒಂದು ಫೋನು. ಅವಳು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹೇಳಿದಳು.

"ಯವ್ವಾ, ಅಂಗಡಿಗ್ಯಾಕ ಅಡ್ಡಾಡ್ತೀರಿ? ಫೋನಿನಾಗ ತರಿಸ್ರಿ. ಹೊಸಾ ಗಿರಾಕಿಗೆ ಕೂಪನ್ ಕೊಡ್ತಾರ್ರಿ. ಕಾಲು ಭಾಗ ಕಡಿಮಿ."

"ನಾನು ಹಳೇ ಮುದುಕಿ. ನನ್ನನ್ನ ಹೊಸ ಗಿರಾಕಿ ಅಂತಾರನಾ?"

"ಅವರಿಗೇನ್ ಗೊತ್ತ್ರೀ ನಿಮ್ಮ ಮಾರಿ!"

ಚೀಟಿಯ ಫೋಟೋ ತೆಗೆದು ಕಳಿಸಿದಳು. ಅಕ್ಷರ ತಿಳಿಯುತ್ತಿಲ್ಲ ಎಂದು ವಾಪಸು ಬಂತು. ಬೆಳಕಿಗೆ ಹಿಡಿದು ಮತ್ತೆ ಕಳಿಸಿದಳು. ಮತ್ತೆ ವಾಪಸು. ನನಗೆ ಓದಲು ಬರುವುದಿಲ್ಲ ಎಂದು ಜೀವಮಾನವಿಡೀ ನಾಚಿಕೊಂಡಿದ್ದೆ. ಅಷ್ಟು ದೊಡ್ಡ ಕಂಪನಿಯಲ್ಲಿ ಕೂತು ಕಲಿತವರಿಗೂ ಡಾಕ್ಟರ ಅಕ್ಷರ ಓದಲು ಬರಲಿಲ್ಲ ಎಂದು ತಿಳಿದು ಆ ದಿನ ಊಟ ರುಚಿಸಿತು. ಔಷಧಿ ಬರಲಿಲ್ಲ. ಕೂಪನ್ ಮಾತ್ರ ಬರತೊಡಗಿತು. ಕೂದಲಿನ ಎಣ್ಣೆಗೆ, ಮಕ್ಕಳ ಲಂಗೋಟಿಗೆ, ಗಂಡಸರ ಗಡ್ಡದ ಕ್ರೀಮಿಗೆ. ಅವಳ ಸೊಂಟ ಟಿಂಗ್ ಎಂದಾಗಲೆಲ್ಲ ನಾವು ಹೆಂಗಸರು ಎಲ್ಲ ಸೇರಿ, "ಎಂತಕ್ಕೆ ಬಂತೇ, ಗಡ್ಡಕ್ಕೋ ಲಂಗೋಟಿಗೋ?" ಎಂದು ಕೂಗುತ್ತಿದ್ದೆವು.

ಆಮೇಲೆ ನನಗೇ ಒಂದು ಉಪಾಯ ಹೊಳೆಯಿತು. ಬುದ್ಧಿವಂತಿಕೆ ಎಂಬುದು ಬಂದರೆ ಹೀಗೆಯೇ, ಕೆಡಿಸುವುದಕ್ಕೇ ಬರುತ್ತದೆ.

ನಮ್ಮ ಪೇಟೆಯಲ್ಲಿ ಅಡಿಕೆ ಮಾರುವುದು ಟೆಂಡರಿನಲ್ಲಿ. ರೈತನ ಅಡಿಕೆಯನ್ನು ಸಾಲಾಗಿ ಇಟ್ಟಿರುತ್ತಾರೆ. ವ್ಯಾಪಾರಿಗಳು ಒಂದೊಂದನ್ನೂ ಮುಟ್ಟಿ, ಕಚ್ಚಿ ನೋಡಿ, ತಮ್ಮ ದರವನ್ನು ಯಾರಿಗೂ ತೋರಿಸದೆ ಬರೆದು ಹಾಕುತ್ತಾರೆ. ಯಾರದು ಹೆಚ್ಚೋ ಅವರಿಗೆ ಮಾಲು. ಅಡಿಕೆಗೆ ನಡೆಯುವ ಪದ್ಧತಿ ಕಣ್ಣಿಗೆ ಯಾಕೆ ನಡೆಯಬಾರದು? ತಿರುಗಿಸಿದರಾಯಿತು, ಯಾರದು ಕಡಿಮೆಯೋ ಅವರಿಗೆ ನನ್ನ ವ್ಯಾಪಾರ.

ಬನವಾಸಿಯವಳ ಕೈಯಲ್ಲಿ ಔಷಧಿಯ ಹೆಸರನ್ನು ಐದು ಚೀಟಿಯ ಮೇಲೆ ಬರೆಸಿದೆ. ಅವಳು ಸೀಸೆ ನೋಡಿ ಒಂದೊಂದೇ ಅಕ್ಷರ ಇಳಿಸಿಕೊಂಡಳು. ಮೂರು ಚೀಟಿ ಶಿರಸಿಯ ಮೂರು ಅಂಗಡಿಗೆ. ಒಂದನ್ನು ಸಿದ್ದಾಪುರದಿಂದ ದಿನಾ ಬಸ್ಸಿಗೆ ಬರುವ ಆರಿಸುವವಳ ಕೈಗೆ ಕೊಟ್ಟೆ, ಇನ್ನೊಂದನ್ನು ಯಲ್ಲಾಪುರದಲ್ಲಿ ತವರಿರುವ ಒಬ್ಬಳ ಕೈಗೆ. ದರ ಬರೆದು, ಮಡಚಿ, ಅಂಟಿಸಿ ಕೊಡಬೇಕು ಎಂದು ಷರತ್ತು. ಎಲ್ಲ ಅಂಗಡಿಯಲ್ಲೂ ನಕ್ಕರು. ಎಲ್ಲರೂ ಬರೆದುಕೊಟ್ಟರು ಕೂಡ. ಟೆಂಡರ್ ಎಂದರೆ ನಮ್ಮ ಕಡೆಯ ವ್ಯಾಪಾರಿಗೆ ಕೈ ತುರಿಸುತ್ತದೆ, ಪಕ್ಕದವನಿಗಿಂತ ಒಂದು ರೂಪಾಯಿ ಮುಂದೆ ಹೋಗದೆ ನಿದ್ದೆ ಬಾರದು. ಸಿದ್ದಾಪುರದ ಅಂಗಡಿಯವನಂತೂ ಚೀಟಿಯ ಹಿಂದೆ "ಇನ್ನೂ ಮಾತಾಡಬಹುದು" ಎಂದು ಬರೆದಿದ್ದ.

ಶನಿವಾರ ಚಹಾದ ಹೊತ್ತಿಗೆ ವಖಾರಿಯ ನೆಲದ ಮೇಲೆ ಟೆಂಡರ್ ಒಡೆದೆವು. ಬನವಾಸಿಯವಳು ಗಟ್ಟಿಯಾಗಿ ಓದಿದಳು. ಶಿರಸಿಯ ಮೂವರೂ ಒಬ್ಬರಿಗೊಬ್ಬರು ಹತ್ತಿರ. ಸಿದ್ದಾಪುರ ಸ್ವಲ್ಪ ಕೆಳಗೆ. ಯಲ್ಲಾಪುರದ ಚೀಟಿ ಬಿಚ್ಚಿ ಅವಳು ಎರಡು ಸಲ ಓದಿದಳು. ಅರ್ಧಕ್ಕರ್ಧ.

"ಯವ್ವಾ, ಇದ್ರಾಗ ಇನ್ನೇನೋ ಬರ್ದಾರ. 'ಹಳೇ ಸ್ಟಾಕ್' ಅಂತ."

"ಮತ್ತೆ ಹೇಳು. ಹಳೇದು, ಅರ್ಧ ಬೆಲೆಗೆ?"

ನನಗೆ ನಗು ತಡೆಯಲಾಗಲಿಲ್ಲ. ಅಡಿಕೆ ಪೇಟೆಯಲ್ಲಿ ಹಳೆ ಚಾಲಿಗೆ ಹೊಸದಕ್ಕಿಂತ ಯಾವಾಗಲೂ ಮುಂದೆ ದರ. ಒಂದು ಮಳೆಗಾಲ ಕಳೆದ ಅಡಿಕೆ ಒಣಗಿ ಗಟ್ಟಿಯಾಗಿರುತ್ತದೆ, ಅದರ ಒಗರು ಹೋಗಿ ರುಚಿ ಕೂತಿರುತ್ತದೆ. ತಾಕತ್ತಿದ್ದವನು ಹೊಸ ಅಡಿಕೆಯನ್ನು ಹಾಗೇ ಮಾರುವುದಿಲ್ಲ, ಹಳೆಯದಾಗಲಿ ಎಂದು ಇಟ್ಟುಕೊಳ್ಳುತ್ತಾನೆ. ಇಂಥ ಸೀಮೆಯಲ್ಲಿ ಕೂತು ಹಳೆ ಮಾಲನ್ನು ಅರ್ಧಕ್ಕೆ ಕೊಡುವವನೂ ಇದ್ದಾನಲ್ಲ, ಅವನಿಗೆ ವ್ಯಾಪಾರ ಕಲಿಸಿದವರು ಯಾರು ಎಂದುಕೊಂಡೆ. ಅವನಿಗೆ ಬುದ್ಧಿ ಬರುವ ಮೊದಲು ಹೋಗಿ ಬರಬೇಕು.

ಸೋಮವಾರ ಕೆಲಸ ಬಿಟ್ಟು ಯಲ್ಲಾಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ ಕಾರ್ಡು ತೋರಿಸಿ ಕಿಟಕಿ ಪಕ್ಕ ಕೂತೆ. ಔಷಧಿ ಅರ್ಧ ಬೆಲೆಗೆ, ಪ್ರಯಾಣ ಪುಕ್ಕಟೆಗೆ, ನನ್ನಂಥ ಭಾಗ್ಯವಂತೆ ಮೂರು ತಾಲೂಕಿನಲ್ಲಿ ಇರಲಿಲ್ಲ. ಆ ದಿನದ ಕೂಲಿ ಹೋದದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿದರೆ ಖುಷಿ ಹೋಗುತ್ತದೆ.

ಯಲ್ಲಾಪುರದ ಅಂಗಡಿಯವನು ಮರ್ಯಾದಸ್ತ. ಅದನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಕೇಳುವವರು ಅವನನ್ನು ಬೈಯುತ್ತಾರೆ. ಸೀಸೆಯನ್ನು ಕೈಯಲ್ಲಿ ಹಿಡಿದು, ತಳದ ಅಂಕಿಯನ್ನು ಉಗುರಿನಿಂದ ತೋರಿಸಿ ಹೇಳಿದ.

"ನೋಡಿ ಅಮ್ಮ, ಇದರ ಡೇಟು ಈ ತಿಂಗಳ ಕೊನೆಗೆ ಮುಗೀತದೆ. ಅದಕ್ಕೇ ಅರ್ಧ ರೇಟು. ಇವತ್ತೇ ಶುರು ಮಾಡಿದ್ರೆ ಅಡ್ಡಿಲ್ಲ. ಒಂದು ತಗೊಳ್ಳಿ."

"ಎಷ್ಟು ಉಂಟು?"

"ಮೂರು ಉಂಟು."

"ಮೂರೂ ಕೊಡು."

"ಒಬ್ಬರಿಗೆ ಮೂರೆಂತಕ್ಕೆ? ಒಂದು ತಿಂಗಳಿಗೆ ಒಂದೇ ಸಾಕು."

"ನಮ್ಮ ಮನೇಲಿ ಮೂರು ಜನಕ್ಕೂ ಇದೇ ರೋಗ."

"ಅಯ್ಯೋ ಪಾಪ," ಎಂದ. ಮತ್ತೆ ಹತ್ತು ರೂಪಾಯಿ ಬಿಟ್ಟ. ಇಲ್ಲದ ಎರಡು ಜನರ ಕಣ್ಣಿನ ಹೆಸರಿನಲ್ಲಿ ನನಗೆ ಸಿಕ್ಕ ಆ ಹತ್ತು ರೂಪಾಯಿಗೆ ಅಲ್ಲೇ ಒಂದು ಚಹಾ ಕುಡಿದೆ. ರುಚಿಯಾಗಿತ್ತು.

ಮರುದಿನ ವಖಾರಿಯಲ್ಲಿ ಮೂರು ಸೀಸೆಯನ್ನೂ ಸಾಲಾಗಿ ಇಟ್ಟು ಎಲ್ಲರಿಗೂ ತೋರಿಸಿದೆ. ಬನವಾಸಿಯವಳು ಒಂದನ್ನು ಎತ್ತಿ ತಿರುಗಿಸಿದಳು.

"ಯವ್ವಾ, ಇದರ ತಾರೀಖ ನೋಡೀರೇನ್ರಿ?"

"ನೀನು ಹಳೇ ಚಾಲಿ ಕಂಡಿದ್ದೀಯನೇ ಹುಡುಗಿ?"

"ಚಾಲಿ ಬ್ಯಾರೆ, ಇದು ಬ್ಯಾರೆ ರೀ."

"ಎರಡೂ ಪೇಟೆ ಮಾಲು. ಸುಮ್ಮನೆ ಆರಿಸು."

ಅವಳು ಸೀಸೆ ಕೆಳಗಿಟ್ಟು ಅಡಿಕೆಗೆ ಕೈ ಹಾಕಿದಳು. ಹಿರಿಯರ ಮಾತು ಕೇಳುವ ಕೆಟ್ಟ ಚಟ ಅವಳಿಗೆ.

ದಿನಾ ಸಂಜೆ ಕೈಕಾಲು ತೊಳೆದು, ಗೋಡೆಗೆ ತಲೆ ಆನಿಸಿ, ಒಂದು ಹನಿ. ಒಂದು ದಿನವೂ ತಪ್ಪಿಸಲಿಲ್ಲ. ಮೊದಲ ಸೀಸೆ ಮುಗಿಯಿತು, ಎರಡನೆಯದು ಮುಗಿಯಿತು. ದೇವರ ಮುಂದೆ ದೀಪ ಹಚ್ಚುವುದು ಬಿಟ್ಟುಹೋಗಿದ್ದುಂಟು, ಹನಿ ಬಿಟ್ಟುಹೋಗಲಿಲ್ಲ. ಇಷ್ಟು ಶಿಸ್ತಿನಿಂದ ಬರೀ ನೀರನ್ನು ಕಣ್ಣಿಗೆ ಬಿಟ್ಟುಕೊಂಡವಳು ಶಿರಸಿಯಲ್ಲಿ ನಾನೊಬ್ಬಳೇ ಇರಬೇಕು.

ಮೂರನೆಯ ಸೀಸೆ ಅರ್ಧವಾಗಿದ್ದಾಗ ಒಂದು ಮಧ್ಯಾಹ್ನ ವಖಾರಿಯ ಗುಮಾಸ್ತ ಆರಿಸಿದ ರಾಶಿಗಳನ್ನು ನೋಡುತ್ತ ಬಂದ. ನನ್ನದನ್ನು ದಾಟಿ ಹೋಗುವುದು ರೂಢಿ. ಆ ದಿನ ನಿಂತ. ಬಗ್ಗಿ ಕೈ ಹಾಕಿದ. ನನ್ನ ಬಿಳಿ ರಾಶಿಯಿಂದ ಒಂದು ಬೊಗಸೆ ಕೋಕ ಎತ್ತಿದ.

"ಯಾರದ್ದು ಇದು?"

ಯಾರದೆಂದು ಅವನಿಗೆ ಗೊತ್ತಿತ್ತು. ನಾನೇ ಬಾಯಿ ಬಿಟ್ಟು ಹೇಳಲಿ ಎಂದು ಕೇಳಿದ್ದು.

"ನಂದು."

ಅವನು ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಲು ನನಗೆ ಬರುತ್ತದೆ. ಬೈಯಲಿಲ್ಲ. ಬೊಗಸೆಯಲ್ಲಿದ್ದದ್ದನ್ನು ನನ್ನ ಮುಂದೆ ಮೆಲ್ಲಗೆ ಸುರಿದು, "ನಾಳೆಯಿಂದ ಗುಡಿಸೋ ಕೆಲಸಕ್ಕೆ ಬನ್ನಿ ಅಜ್ಜಿ, ಕೂತು ಸೊಂಟ ನೋಯ್ತದೆ ನಿಮಗೆ," ಎಂದ. ನಲವತ್ತು ವರ್ಷ ಇಲ್ಲದ ಸೊಂಟನೋವನ್ನು ಅವನೇ ಹುಡುಕಿಕೊಟ್ಟ.

ಹೆಚ್ಚಿನವರು ಎದ್ದುಹೋದ ಮೇಲೆ ನಾನು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೆಟ್ಟಗೆ ನೋಡಿದೆ. ಎದುರಿನ ಗೋಡೆ ಕಂಡಿತು, ಗೋಡೆಗೆ ಒರಗಿಸಿದ ಚೀಲಗಳು ಕಂಡವು. ನನ್ನ ಬಲಕ್ಕೆ ಕೂತಿದ್ದ ಬನವಾಸಿಯವಳು ಕಾಣಲಿಲ್ಲ. ಅವಳು ಎದ್ದು ಹೋದಳು ಎಂದುಕೊಂಡೆ. ಅಷ್ಟರಲ್ಲಿ ಅದೇ ಕಡೆಯಿಂದ ಬಳೆಗಳ ಸದ್ದು ಬಂತು.

ಡಾಕ್ಟರು ಮತ್ತೆ ಗದ್ದ ಊರಿಸಿದರು, ಗಾಳಿ ಊದಿಸಿದರು.

"ಔಷಧಿ ಬಿಟ್ಟಿದ್ರಾ?"

"ಒಂದು ದಿನ ತಪ್ಪಿಸ್ಲಿಲ್ಲ."

"ಸೀಸೆ ಎಲ್ಲಿ?"

ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟೆ. ತಳ ನೋಡಿದರು. ಆಗ ಮೊದಲ ಸಲ ನನ್ನ ಮುಖ ನೋಡಿದರು.

"ಇದರ ಡೇಟು ಮುಗಿದು ಎಷ್ಟು ದಿನ ಆಯ್ತು ಗೊತ್ತುಂಟಾ?"

ನಾನು ಟೆಂಡರಿನ ಕತೆ ಹೇಳಿದೆ. ಯಲ್ಲಾಪುರದ ಕತೆ ಹೇಳಿದೆ. ಹಳೆ ಚಾಲಿಯ ದರ ಹೇಳುವಾಗ ಅವರಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಕೈ ತೆಗೆದು, "ಔಷಧಿ ಹಳೇದಾದ್ರೆ ಚಾಲಿ ಅಲ್ಲ ಅಜ್ಜಿ, ಕೋಕ," ಎಂದರು. ಅಷ್ಟು ಓದಿದವರು ನನಗೆ ತಿಳಿಯುವ ಹಾಗೆ ಮಾತಾಡಿದ್ದು ಅದೊಂದೇ.

ಬಲಗಣ್ಣಿನ ಅಂಚು ಮೊದಲೇ ಸ್ವಲ್ಪ ಹೋಗಿತ್ತಂತೆ, ಈಗ ಇನ್ನಷ್ಟು ಹೋಗಿದೆಯಂತೆ. ಅದು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು.

"ಇಷ್ಟೆಲ್ಲ ಎಂತಕ್ಕೆ ಮಾಡಿದ್ರಿ? ದುಬಾರಿ ಆಗ್ತದೆ ಅಂತ ನನಗೆ ಹೇಳಿದ್ರೆ ಆಗ್ತಿತ್ತಲ್ಲ. ಇದೇ ಔಷಧಿ ಕಂಪನಿ ಹೆಸರಿಲ್ಲದೆ ಸರ್ಕಾರದ ಅಗ್ಗದ ಅಂಗಡೀಲಿ ಸಿಗ್ತದೆ. ಯಲ್ಲಾಪುರದವನ ಅರ್ಧಕ್ಕಿಂತಲೂ ಕಡಿಮೆ."

"ಎಲ್ಲುಂಟು ಆ ಅಂಗಡಿ?"

"ಬಸ್ ಸ್ಟ್ಯಾಂಡ್ ಹತ್ರ."

ಯಲ್ಲಾಪುರದ ಬಸ್ಸಿಗೆ ಕಾಯುವಾಗ ನಾನು ಬಿಸಿಲು ತಪ್ಪಿಸಿಕೊಳ್ಳಲು ನಿಂತಿದ್ದು ಆ ಅಂಗಡಿಯ ನೆರಳಿನಲ್ಲಿಯೇ. ಟೆಂಡರಿನ ಚೀಟಿ ಅಲ್ಲಿಗೆ ಹೋಗಿರಲಿಲ್ಲ. ಅದರ ಬಾಗಿಲಲ್ಲಿ ಭಾರಿ ರಿಯಾಯಿತಿ ಎಂಬ ಬೋರ್ಡು ಇರಲಿಲ್ಲ, ನಕ್ಷತ್ರವೂ ಇರಲಿಲ್ಲ. ರಿಯಾಯಿತಿ ಇಲ್ಲದ ಕಡೆ ಅಗ್ಗ ಇರುತ್ತದೆ ಎಂದು ಯಾರಿಗೆ ಹೊಳೆಯುತ್ತದೆ?

"ಚೀಟಿ ಬರೆಯೋವಾಗ್ಲೇ ಹೇಳ್ಬಹುದಿತ್ತಲ್ಲ ಡಾಕ್ಟ್ರೇ?"

"ನೀವು ಕೇಳ್ಲಿಲ್ಲ."

"ನೀವು ಮುಖ ಎತ್ಲಿಲ್ಲ."

ಅವರು ಹೊಸ ಚೀಟಿ ಬರೆದರು. ಈ ಸಲ ಅಕ್ಷರ ದುಂಡಗೆ, ಬಿಡಿಬಿಡಿಯಾಗಿ ಇತ್ತು. ಬನವಾಸಿಯವಳು ಒಂದೇ ಉಸಿರಿಗೆ ಓದಿದಳು. ಮೂರು ತಾಲೂಕಿನ ಐದು ಅಂಗಡಿಗೆ ದರ ಕೇಳಿದವಳು ನಾನು. ಚೀಟಿ ಬರೆದ ಒಬ್ಬರನ್ನು ಮಾತ್ರ ಕೇಳಿರಲಿಲ್ಲ.

ಆಮೇಲೆ ಅಗ್ಗದ ಅಂಗಡಿಯ ಹನಿ ಬಿಟ್ಟುಕೊಳ್ಳುತ್ತ ಒಂದೂವರೆ ತಿಂಗಳು ವಖಾರಿಯಲ್ಲಿ ಸಿಪ್ಪೆ, ಧೂಳು ಗುಡಿಸಿದೆ. ಗುಡಿಸುವವಳಿಗೆ ಎಲ್ಲರೂ ಕಾಲು ಎತ್ತಿ ದಾರಿ ಬಿಡುತ್ತಾರೆ, ಅಷ್ಟು ಮರ್ಯಾದೆ ಆರಿಸುವಾಗ ಇರಲಿಲ್ಲ. ಆದರೆ ಕಸಬರಿಗೆ ಹಿಡಿದು ಹೋಗುವಾಗ ಒಬ್ಬೊಬ್ಬಳ ರಾಶಿಯಲ್ಲೂ ನನ್ನ ಕಣ್ಣಿಗೆ ಕೋಕ ಬೀಳುತ್ತಿತ್ತು. ಎಡಗಣ್ಣಿಗೆ. ಅಂದರೆ ಕಣ್ಣು ಇತ್ತು, ಕೂರುವ ರೀತಿ ತಪ್ಪಿತ್ತು. ನಾನು ಬಲದಿಂದ ಎಡಕ್ಕೆ ಆರಿಸುವವಳು, ಅಡಿಕೆಯನ್ನು ಯಾವಾಗಲೂ ಬಲಕ್ಕೆ ಹಾಕಿಸಿಕೊಳ್ಳುತ್ತಿದ್ದೆ. ಮುಂದಿನ ಸಲ ಡಾಕ್ಟರು ಒತ್ತಡ ಇಳಿದಿದೆ ಎಂದ ದಿನ ಸೀದಾ ಗುಮಾಸ್ತನ ಮೇಜಿನ ಮುಂದೆ ಹೋಗಿ ನಿಂತೆ.

"ಒಂದು ಚೀಲ ಕೊಡು. ಗೋಡೆ ಬದಿಗೆ ಕೂತ್ಕೊಳ್ತೇನೆ, ಎಡಕ್ಕೆ ಸುರಿಸು. ಒಂದು ಕೋಕ ಸಿಕ್ಕಿದ್ರೆ ಕಸಬರಿಗೆ ಹಿಡಿದೇ ಸಾಯ್ತೇನೆ."

"ಬೇಡ ಅಜ್ಜಿ, ಎಂತಕ್ಕೆ ಹಟ?"

"ನಿಂಗೆ ಚೀಲದ ಬರಗಾಲನಾ?"

ಸುರಿಸಿದ. ಗೋಡೆ ಬಲಕ್ಕೆ, ಅಡಿಕೆ ಎಡಕ್ಕೆ. ಕಾಳು ನೋಡುವ ಕೋಳಿಯ ಹಾಗೆ ತಲೆಯನ್ನು ಓರೆ ಮಾಡಿ ಮಾಡಿ ಆರಿಸಿದೆ. ಮೊದಲಿನ ಅರ್ಧದಷ್ಟೂ ವೇಗ ಇರಲಿಲ್ಲ. ಬನವಾಸಿಯವಳು ದೂರದಲ್ಲಿ ಕೂತು ತನ್ನ ಅಡಿಕೆ ಬಿಟ್ಟು ನನ್ನದನ್ನೇ ನೋಡುತ್ತಿದ್ದಳು. ಹತ್ತಿರ ಬರಬೇಡ ಎಂದು ಕಣ್ಣು ಬಿಟ್ಟು ಹೆದರಿಸಿದೆ. ಯಾವ ಕಣ್ಣು ಬಿಟ್ಟೆನೋ, ಹೆದರಿದಳು.

ಸಂಜೆ ಗುಮಾಸ್ತ ಬಂದು ಕೂತೇಬಿಟ್ಟ. ಮೊಣಕೈವರೆಗೆ ತೋಳು ಹಾಕಿ ತಳದಿಂದ ಮೇಲಕ್ಕೆ ಕೆದಕಿದ. ಎಲ್ಲರ ಕೈಯೂ ನಿಂತಿತ್ತು. ಬಹಳ ಹೊತ್ತು ಹುಡುಕಿ ಒಂದು ಅಡಿಕೆ ಎತ್ತಿ ಹಿಡಿದ.

"ಇದು ಎಂತ ಅಜ್ಜಿ?"

ಮೇಲೆ ಕಪ್ಪಗೆ ಕಲೆ ಇತ್ತು. ನಾನು ಅವನ ಕೈಯಿಂದ ಕಿತ್ತುಕೊಂಡು, ಸೊಂಟದ ಚೀಲದಿಂದ ಅಡಕತ್ತರಿ ತೆಗೆದು ಎರಡು ಹೋಳು ಮಾಡಿದೆ. ಒಳಗೆ ಹಾಲಿನಂತೆ ಬಿಳಿ, ನಡುವೆ ಸಣ್ಣ ಗೆರೆಗಳು. ಹೋಳನ್ನು ಅವನ ಅಂಗೈಗೆ ಇಟ್ಟೆ.

"ಇದು ಅಡಿಕೆ. ಮೇಲಿದ್ದದ್ದು ಧೂಳು. ನಿನ್ನ ಕಣ್ಣನ್ನೂ ಒಂದು ಸಲ ತೋರಿಸ್ಕೋ ತಮ್ಮಾ. ದರ ಡಾಕ್ಟ್ರ ಹತ್ರಾನೇ ಕೇಳು, ಯಲ್ಲಾಪುರಕ್ಕೆ ಹೋಗ್ಬೇಡ."

ಹೆಂಗಸರೆಲ್ಲ ನಕ್ಕರು. ಅವನು ಹೋಳನ್ನು ಬಾಯಿಗೆ ಹಾಕಿಕೊಂಡು ಎದ್ದ. "ನಾಳೆ ಎಂಟಕ್ಕೆ ಬನ್ನಿ. ಗೋಡೆ ಬದಿಗೇ ಕೂತ್ಕೊಳ್ಳಿ," ಎಂದ. ಅಗಿಯುತ್ತಲೇ ಹೇಳಿದ್ದರಿಂದ ಎರಡನೇ ಸಲ ಹೇಳಿಸಿದೆ. ಎಲ್ಲರಿಗೂ ಕೇಳಬೇಕಿತ್ತು.

ಹೊರಗೆ ಬರುವಾಗ ಬನವಾಸಿಯವಳ ಸೊಂಟ ಟಿಂಗ್ ಎಂದಿತು. ಅವಳು ಫೋನು ತೆಗೆದು ನೋಡಿ ಗಾಬರಿಯಿಂದ ನನ್ನ ತೋಳು ಹಿಡಿದಳು.

"ಯವ್ವಾ, ನಿಮ್ಮ ಕೂಪನ್ ರೀ! ಔಷಧಿದೇ ಐತಿ. ಇವತ್ತೇ ಕಡೀ ದಿನಾ ಅಂತ, ನಾಳಿ ನಡ್ಯಂಗಿಲ್ಲಂತ."

"ಇರ್ಲಿ ಬಿಡೇ," ಎಂದೆ. "ಹಳೇದಾಗ್ಲಿ. ದರ ಬರ್ತದೆ."